ಮರಿಬಕನಿಗೆ ತೆರೆ ಹಿಡಿದವಳು: ಮೂರನೆಯ ತರಗತಿಯ ಒಂದು ಪ್ರಕರಣ

ಈ ಪ್ರಕರಣದಲ್ಲಿ ಇಬ್ಬರು ಮಕ್ಕಳಿದ್ದಾರೆ. ಒಬ್ಬನ ಸದ್ದು ಅಡಗಿಸುವುದು ಹೇಗೆಂದು ಶಾಲೆಗೆ ಶಾಲೆಯೇ ತಲೆ ಕೆಡಿಸಿಕೊಂಡಿತ್ತು. ಇನ್ನೊಬ್ಬಳು ಬಂದ ಮೇಲೆ ಅವಳ ಬಾಯಿಂದ ಒಂದಾದರೂ ಸದ್ದು ಹೊರಡಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿತು. ಶಿಕ್ಷಕರ ಸಭೆಯ ಪುಸ್ತಕದಲ್ಲಿ ಇವು ಎರಡು ಬೇರೆ ಬೇರೆ ವಿಷಯಗಳಾಗಿ, ಬೇರೆ ಬೇರೆ ಪುಟಗಳಲ್ಲಿ ದಾಖಲಾಗಿವೆ. ಎರಡನ್ನೂ ಸೇರಿಸಿದವನು ಆ ಹುಡುಗ. ಅವನಿಗೆ ಅವಳ ಮೇಲೆ ಕನಿಕರವಿರಲಿಲ್ಲ, ಅವಳಿಂದ ಕೆಲಸವಾಗಬೇಕಿತ್ತು. ನಾನು ಇದನ್ನು ಬರೆದಿಡಲು ಹೊರಟದ್ದೇ ಈ ಕಾರಣಕ್ಕೆ.

ಹೆಸರುಗಳನ್ನು ಬರೆಯುವುದಿಲ್ಲ. ಹುಡುಗನನ್ನು ಅವನೇ ಇಟ್ಟುಕೊಂಡ ಬಿರುದಿನಿಂದ ಮರಿಬಕ ಎಂದು ಕರೆಯುತ್ತೇನೆ. ಹುಡುಗಿ ಹುಡುಗಿಯೇ ಆಗಿರಲಿ.

ಶಾಲೆಯ ಹಿನ್ನೆಲೆ

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವಾಗ ಒಳಗೆ ಸಿಗುವ ಅಡಿಕೆ ತೋಟಗಳ ನಡುವಿನ ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ಒಂದರಿಂದ ನಾಲ್ಕನೆಯ ತರಗತಿವರೆಗೆ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ಉಳಿದವು. ಆದರೆ ಕನ್ನಡ ಶಾಲೆಯ ಮಕ್ಕಳೆಲ್ಲರ ಮನೆಮಾತು ಕನ್ನಡ ಎಂದು ಹೊರಗಿನವರು ತಿಳಿದುಕೊಂಡರೆ ಅದು ಸರಿಯಲ್ಲ. ನನ್ನ ಮೂರನೆಯ ತರಗತಿಯಲ್ಲಿ ತುಳು ಮನೆಯವರೇ ಹೆಚ್ಚು. ಮಲಯಾಳ, ಕೊಂಕಣಿ, ಮರಾಠಿ ಮಾತನಾಡುವ ಮನೆಗಳಿಂದ ಬಂದವರಿದ್ದಾರೆ, ಹವ್ಯಕ ಕನ್ನಡದವರು ಒಂದಿಬ್ಬರಿದ್ದಾರೆ. ಇವರೆಲ್ಲರಿಗೂ ಪುಸ್ತಕದ ಕನ್ನಡ ಬರುವುದು ಶಾಲೆಯಿಂದ ಮತ್ತು ಯಕ್ಷಗಾನದಿಂದ. ಹಾಗಾಗಿ ಎಂಟು ವರ್ಷದ ಮಕ್ಕಳು ಪೆನ್ಸಿಲ್ ಕಳೆದುಹೋದರೂ 'ಎಲವೋ ದುರುಳನೇ' ಎಂದು ಶುರುಮಾಡುತ್ತಾರೆ.

ಇಂಥ ಶಾಲೆಗೆ ಹೊಸ ಮಗುವೊಂದು ಬಂದರೆ ಅದು ಹಬ್ಬ. ಕೇರಳದಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಶಿಕ್ಷಕರ ಹುದ್ದೆಗಳನ್ನು ನಿಗದಿ ಮಾಡುತ್ತಾರೆ. ಆ ದಿನ ಕೆಮ್ಮುತ್ತಿರುವ ಮಗುವನ್ನೂ ಮನೆಯಿಂದ ಕರೆತರುವ ಉತ್ಸಾಹ ನಮ್ಮಲ್ಲಿರುತ್ತದೆ. ಈ ಹುಡುಗಿ ಬಂದದ್ದು ಓಣಂ ರಜೆಯ ನಂತರ. ಲೆಕ್ಕಕ್ಕೆ ಸಿಗಲಿಲ್ಲವೆಂದು ಮುಖ್ಯೋಪಾಧ್ಯಾಯರು ನಿಟ್ಟುಸಿರು ಬಿಟ್ಟು ದಾಖಲಾತಿ ಪುಸ್ತಕ ತೆರೆದರು.

ರಾಕ್ಷಸನ ಶಾಲಾ ದಿನ

ಮೊದಲು ಹುಡುಗನ ವಿಷಯ. ವಯಸ್ಸಿಗೆ ಮೀರಿದ ಗಾತ್ರ, ಗಾತ್ರಕ್ಕೆ ಮೀರಿದ ಗಂಟಲು. ಊರಿನ ಹವ್ಯಾಸಿ ಯಕ್ಷಗಾನ ಮೇಳದಲ್ಲಿ ಅವನ ಸೋದರಮಾವ ಬಣ್ಣದ ವೇಷ ಹಾಕುತ್ತಾರೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷವೆಂದರೆ ರಾಕ್ಷಸ ಪಾತ್ರಗಳು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲು ಸಾಲಾಗಿ ಮುಳ್ಳಿನಂತೆ ಇಡುವ ಚುಟ್ಟಿಗೆ ಗಂಟೆಗಟ್ಟಲೆ ಹೊತ್ತು ಹಿಡಿಯುತ್ತದೆ. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಮಾವನ ಕಾಲಬುಡದಲ್ಲಿ ಕುಳಿತು ಅದನ್ನು ನೋಡುತ್ತಲೇ ಬೆಳೆದವನು ಇವನು. ಸಣ್ಣವನಾಗಿದ್ದಾಗ ಕೃಷ್ಣನ ವೇಷ ಹಾಕಿಸೋಣವೆಂದು ಮನೆಯವರು ಹೊರಟಿದ್ದರಂತೆ. ಅವನು ಕಿರೀಟ ಕಿತ್ತೆಸೆದು ಪೂತನಿಯ ಪಕ್ಷ ವಹಿಸಿದನಂತೆ.

ಎರಡನೆಯ ತರಗತಿಯಲ್ಲಿ ಅವನನ್ನು 'ರಾಕ್ಷಸ' ಎಂದು ಕರೆದದ್ದು ಬೈಗುಳವಾಗಿ. ಮೂರನೆಯದಕ್ಕೆ ಬರುವಾಗ ಅವನು ಅದನ್ನು ಹುದ್ದೆಯಾಗಿ ಸ್ವೀಕರಿಸಿದ್ದ. ಜೂನ್‌ನಲ್ಲಿ ನಾನು ಬಕಾಸುರನ ಕಥೆ ಹೇಳಿದೆ. ಏಕಚಕ್ರ ನಗರದ ಜನ ಸರದಿಯಂತೆ ಅವನಿಗೆ ಒಂದು ಗಾಡಿ ಅನ್ನ, ಎರಡು ಕೋಣ ಮತ್ತು ಅದನ್ನು ಒಯ್ಯುವ ಒಬ್ಬ ಮನುಷ್ಯನನ್ನು ಕಳುಹಿಸುತ್ತಿದ್ದರು. ಭೀಮ ಹೋದವನು ಬಕನ ಎದುರೇ ಅನ್ನ ತಿಂದು ಮುಗಿಸಿ ಆಮೇಲೆ ಬಕನನ್ನು ಮುಗಿಸಿದ. ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಈ ಹುಡುಗ ಎದ್ದು ನಿಂತು, ಬಕನಿಗೆ ಮನೆಯವರು ಇರಲಿಲ್ಲವೇ ಎಂದು ಕೇಳಿದ. ಇದ್ದರು. ವ್ಯಾಸಭಾರತದ ಆದಿಪರ್ವದಲ್ಲಿ ಬಕನ ಬಂಧುಗಳು ಹೆದರಿ ಹೊರಗೆ ಬರುತ್ತಾರೆ. ಇನ್ನು ಮುಂದೆ ಮನುಷ್ಯರನ್ನು ಹಿಂಸಿಸಬಾರದು ಎಂದು ಭೀಮ ಅವರಿಂದ ಮಾತು ತೆಗೆದುಕೊಳ್ಳುತ್ತಾನೆ. ಅಂದಿನಿಂದ ಅಲ್ಲಿನ ರಾಕ್ಷಸರು ಸಾಧುಗಳಾಗಿ ಬದುಕಿದರು ಎಂದಿದೆ. ಹುಡುಗ ಇಷ್ಟನ್ನೂ ಬಾಯಿ ತೆರೆದುಕೊಂಡು ಕೇಳಿದ. ಮರುದಿನದಿಂದ ಅವನು ಮರಿಬಕ. ಬಕಾಸುರನ ಮೊಮ್ಮಗ, ಒಪ್ಪಂದಕ್ಕೆ ಬದ್ಧನಾದ ಸಾಧು ರಾಕ್ಷಸ. ಮನುಷ್ಯರನ್ನು ತಿನ್ನುವಂತಿಲ್ಲವಾದ್ದರಿಂದ ಶಾಲೆಗೆ ಬಂದು ಮಧ್ಯಾಹ್ನದ ಊಟ ಮಾಡುವುದು ಅನಿವಾರ್ಯ ಎಂಬುದು ಅವನ ವಾದ.

ಅವನ ದಿನ ಹೀಗೆ ಸಾಗುತ್ತಿತ್ತು. ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ನಿಂತು ಒಂದು ಆರ್ಭಟ. ಹಾಜರಿ ಕರೆದಾಗ ಇನ್ನೊಂದು. 'ಹಾಜರ್, ಟೀಚರ್' ಎಂದು ಹೇಳಬೇಕೆಂದರೆ, ರಾಕ್ಷಸರಲ್ಲಿ ಆ ಪದ್ಧತಿ ಇಲ್ಲ ಎನ್ನುತ್ತಿದ್ದ. ಅಸೆಂಬ್ಲಿಯಲ್ಲಿ ಸಾಲಿನ ಕೊನೆಗೆ ನಿಲ್ಲಿಸಿದರೆ ಸಾಲೇ ತನ್ನ ಬಾಲವೆಂದು ತಿಳಿದು ಅದನ್ನು ಎಳೆಯುತ್ತಿದ್ದ. ಗಣಿತದಲ್ಲಿ ಅವನ ಅಳತೆ ಗಾಡಿ ಮತ್ತು ಕೋಣ. 'ಒಂದು ಬುಟ್ಟಿಯಲ್ಲಿ ಹನ್ನೆರಡು ಮಾವಿನಹಣ್ಣುಗಳಿವೆ' ಎಂದು ಲೆಕ್ಕ ಕೊಟ್ಟರೆ, ಬುಟ್ಟಿಯನ್ನು ತಿನ್ನಬಹುದೇ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಉತ್ತರ. ಊಟದ ನಂತರ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದರೆ ಕುಂಭಕರ್ಣನ ಕಡೆಯ ಸಂಬಂಧ ಮುಂದೆ ಬರುತ್ತಿತ್ತು. ಎಬ್ಬಿಸಲು ಡೋಲು ಬೇಕೆಂದು ಅವನೇ ಅರೆನಿದ್ದೆಯಲ್ಲಿ ಹೇಳುತ್ತಿದ್ದ. ಕೊನೆಯ ಗಂಟೆ ಬಾರಿಸಿದಾಗ ಎಲ್ಲ ಮಕ್ಕಳಿಗಿಂತ ಮೊದಲು ಹೊರಗೆ ಓಡಿ, ಗೇಟಿನ ಬಳಿ ಒಂದನೆಯ ತರಗತಿಯ ಪುಟ್ಟ ಮಕ್ಕಳಿಗೆ ಹಲ್ಲು ತೋರಿಸುತ್ತಿದ್ದ. ಮೊದಲ ವಾರ ಅವು ಅತ್ತವು. ಆಮೇಲೆ ಅವನ ಅಂಗಿ ಹಿಡಿದು ಎಳೆಯತೊಡಗಿದವು.

ಇಲ್ಲೇ ಅವನ ನಿಜವಾದ ಕಷ್ಟ ಆರಂಭವಾದದ್ದು. ಆಗಸ್ಟ್ ಹೊತ್ತಿಗೆ ಅವನಿಗೆ ಹೆದರುವವರು ಯಾರೂ ಉಳಿದಿರಲಿಲ್ಲ. ಪೋಷಕರ ದೂರುಗಳು ಮಾತ್ರ ಉಳಿದಿದ್ದವು.

ಹುಡುಗಿ

ಅವಳ ಮನೆಯವರು ಗದಗ ಜಿಲ್ಲೆಯ ಕಡೆಯವರು. ಕಾಸರಗೋಡಿನ ಕೆಂಪುಕಲ್ಲಿನ ಕೋರೆಗಳಲ್ಲಿ ಮಳೆಗಾಲದಲ್ಲಿ ನೀರು ತುಂಬಿ ಕೆಲಸ ಕಡಿಮೆಯಾಗುತ್ತದೆ. ಮಳೆ ಇಳಿಯುತ್ತಿದ್ದಂತೆ ಹೊರಗಿನಿಂದ ಕೆಲಸಗಾರರು ಬರುತ್ತಾರೆ. ಅಪ್ಪ ಕೋರೆಗೆ, ಅಮ್ಮ ಅಡಿಕೆ ಸುಲಿಯಲು. ಬಾಡಿಗೆ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ ವಾಸ. ಅಂದರೆ ನಮ್ಮ ಇಡೀ ತರಗತಿಯಲ್ಲಿ ಹುಟ್ಟಿದ ಮನೆಯಲ್ಲಿ ಹಗಲೂ ರಾತ್ರಿ ಕನ್ನಡವನ್ನೇ ಕೇಳಿ ಬೆಳೆದ ಬೆರಳೆಣಿಕೆಯ ಮಕ್ಕಳಲ್ಲಿ ಅವಳೂ ಒಬ್ಬಳು. ಕನ್ನಡ ಶಾಲೆಯಲ್ಲಿ ಮಾತು ಬಿಟ್ಟವಳೂ ಅವಳೇ.

ಬಂದ ದಿನ ಅವಳು ಬಾಯಿ ತೆರೆದಿದ್ದಳು. ನೀರಿನ ನಲ್ಲಿ ಎಲ್ಲಿದೆಯೆಂದು ಪಕ್ಕದವಳನ್ನು ಕೇಳಿದಳು. ಗದಗಿನ ಆ ಧಾಟಿ, ಆ ಎಳೆತ ಇಲ್ಲಿನ ಮಕ್ಕಳ ಕಿವಿಗೆ ಹೊಸದು. ಅವರು ನಕ್ಕರು. ಆ ನಗುವಿನಲ್ಲಿ ಕೆಟ್ಟತನವಿರಲಿಲ್ಲ, ಆದರೆ ನಗುವ ಮೂವತ್ತು ಮುಖಗಳ ನಡುವೆ ನಿಂತ ಮಗುವಿಗೆ ಅದನ್ನು ವಿವರಿಸುವುದು ಹೇಗೆ? ಆ ಮೇಲೆ ಅವಳ ಧ್ವನಿ ಶಾಲೆಯಲ್ಲಿ ಕೇಳಿಸಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು. ಬರೆಯುವುದು ಚೊಕ್ಕಟ. ಓದಲು ಹೇಳಿದರೆ ಪುಸ್ತಕವನ್ನು ಮೂಗಿನವರೆಗೆ ಎತ್ತಿ ಹಿಡಿದು ನಿಲ್ಲುತ್ತಿದ್ದಳು, ಕಣ್ಣು ಸಾಲುಗಳ ಮೇಲೆ ಸರಿಯುವುದು ಕಾಣುತ್ತಿತ್ತು, ಅಷ್ಟೇ. ಶೌಚಾಲಯಕ್ಕೆ ಹೋಗಬೇಕೆಂದು ಕೇಳಲಾಗದೆ ಇಡೀ ಬೆಳಿಗ್ಗೆ ಬಿಗಿದುಕೊಂಡು ಕುಳಿತದ್ದೂ ಇದೆ. ನಾಚಿಕೆಯ ಮಗು ಎಂದು ಹೇಳಿ ಕೈ ತೊಳೆದುಕೊಳ್ಳುವವರು ಇದನ್ನು ಗಮನಿಸಬೇಕು.

ಎಲ್ಲ ಶಾಲೆಗಳಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡಲಾಯಿತು. ಮುಂದಿನ ಬೆಂಚು. ತರಗತಿಯ ಅತ್ಯಂತ ಸೌಮ್ಯ ಹುಡುಗಿಯನ್ನು 'ಗೆಳತಿ'ಯಾಗಿ ನೇಮಿಸುವುದು. ಬಂದವರೆಲ್ಲ ಗಲ್ಲ ಹಿಡಿದು 'ಮಾತಾಡು ಮಗಳೇ' ಎನ್ನುವುದು. ನೇಮಕಗೊಂಡ ಗೆಳತಿ ಪ್ರಾಮಾಣಿಕವಾಗಿ ಕರ್ತವ್ಯ ನಿರ್ವಹಿಸಿದಳು: ಅವಳ ಬ್ಯಾಗು ಹಿಡಿದಳು, ನೀರು ತಂದುಕೊಟ್ಟಳು, ಪ್ರತಿ ಪ್ರಶ್ನೆಗೂ ಅವಳ ಪರವಾಗಿ ತಾನೇ ಉತ್ತರ ಕೊಟ್ಟಳು. ಹುಡುಗಿಗೆ ಮಾತಾಡಲು ಉಳಿದಿದ್ದ ಒಂದೆರಡು ಕಾರಣಗಳೂ ಹೀಗೆ ಇಲ್ಲವಾದವು.

ತಾಯಿಯನ್ನು ಕರೆಸಿದಾಗ ಅವರು ನಂಬಲಿಲ್ಲ. 'ಅಕ್ಕನವರೇ, ಮನೆಯಲ್ಲಿ ಇವಳ ಬಾಯಿ ಮುಚ್ಚಿಸಲು ನಮಗೆ ಆಗುವುದಿಲ್ಲ' ಎಂದರು. ಸಾಕ್ಷಿಯಾಗಿ ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ಹುಡುಗಿ ಕೈಯಲ್ಲಿ ಸೌಟು ಹಿಡಿದು ತಮ್ಮನಿಗೆ ಪಾಠ ಮಾಡುತ್ತಿದ್ದಳು. ನನ್ನ ಧ್ವನಿ, ನನ್ನ ಕನ್ನಡಕ ಸರಿಪಡಿಸುವ ಚಾಳಿ, ಮಲಯಾಳದ ನೆರಳಿರುವ ನನ್ನ 'ಶ್ರದ್ಧಿಸಿರಿ' ಎಲ್ಲವೂ ಇದ್ದವು. ನನಗಿಂತ ಚೆನ್ನಾಗಿಯೇ ಪಾಠ ಮಾಡುತ್ತಿದ್ದಳು.

ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕಿ ಬಂದು ವಿಡಿಯೊ ನೋಡಿದರು. ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು ಶಾಲೆಯಂಥ ನಿರ್ದಿಷ್ಟ ಜಾಗದಲ್ಲಿ ಸತತವಾಗಿ ಮೂಕವಾಗುವ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಹಿಂದೆ ಇದನ್ನು ಹಟವೆಂದು ನೋಡುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿ ಡಿಎಸ್ಎಂ-5 ಇದನ್ನು ಆತಂಕದ ತೊಂದರೆಗಳ ಗುಂಪಿಗೆ ಸೇರಿಸಿದೆ. ಕನಿಷ್ಠ ಒಂದು ತಿಂಗಳು ಮುಂದುವರಿದಿರಬೇಕು, ಶಾಲೆಗೆ ಸೇರಿದ ಮೊದಲ ತಿಂಗಳನ್ನು ಮಾತ್ರ ನೋಡಿ ತೀರ್ಮಾನಿಸಬಾರದು, ಆ ಜಾಗದ ಭಾಷೆ ಬಾರದಿರುವುದೇ ಕಾರಣವಾಗಿದ್ದರೆ ಅದನ್ನು ಈ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಅಲ್ಲಿನ ನಿಯಮ. ನಮ್ಮ ಹುಡುಗಿಗೆ ತಿಂಗಳು ಇನ್ನೂ ತುಂಬಿರಲಿಲ್ಲ. ವಿಶೇಷ ಶಿಕ್ಷಕಿ ಯಾವ ಹಣೆಪಟ್ಟಿಯನ್ನೂ ಅಂಟಿಸದೆ ಕೆಲವು ಮಾತು ಹೇಳಿಹೋದರು. ಧ್ವನಿಯಿಂದಲೇ ಉತ್ತರಿಸಬೇಕಾದ ಪ್ರಶ್ನೆ ಕೇಳಬೇಡಿ. ತಲೆಯಾಡಿಸುವುದು, ತೋರಿಸುವುದು, ಬರೆಯುವುದು ಎಲ್ಲವನ್ನೂ ಉತ್ತರವೆಂದೇ ಒಪ್ಪಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ಮಾತಾಡಿದ ದಿನ ಚಪ್ಪಾಳೆ ತಟ್ಟಬೇಡಿ.

ಕೊನೆಯ ಸಲಹೆ ಪಾಲಿಸುವುದು ಎಷ್ಟು ಕಷ್ಟವೆಂದು ಆಗ ಅಂದಾಜಿರಲಿಲ್ಲ.

ಅನ್ನದ ವ್ಯವಹಾರ

ಇಬ್ಬರೂ ಸೇರಿದ್ದು ಊಟದ ಜಗಲಿಯಲ್ಲಿ. ಶಾಲೆಯಲ್ಲಿ ಬಡಿಸುವುದು ಕುಚ್ಚಲಕ್ಕಿಯ ಅನ್ನ. ಜೋಳದ ರೊಟ್ಟಿಯಲ್ಲಿ ಬೆಳೆದ ಹುಡುಗಿಗೆ ಆ ದಪ್ಪ ಕೆಂಪು ಅಗುಳು ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಸಾಂಬಾರಿನ ತರಕಾರಿ ಹೆಕ್ಕಿ ತಿಂದು ಅನ್ನವನ್ನು ತಟ್ಟೆಯ ಅಂಚಿಗೆ ಗುಡ್ಡೆ ಮಾಡುತ್ತಿದ್ದಳು. ಮರಿಬಕನ ಕಣ್ಣು ಆ ಗುಡ್ಡೆಯ ಮೇಲೆ ಬಿತ್ತು. ಎದುರು ಹೋಗಿ ಕುಳಿತು, ಇದು ಏಕಚಕ್ರ ನಗರದಿಂದ ಬಂದ ಪಾಲೇ ಎಂದು ಕೇಳಿದ. ಅವಳು ಉತ್ತರಿಸಲಿಲ್ಲ. ಕಣ್ಣು ಅಗಲ ಮಾಡಿ ನೋಡಿದಳು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಂದು ಅವನು ನನ್ನ ಬಳಿಗೆ ಓಡಿ ಬಂದು ಹೇಳಿದ್ದು ಇದು: 'ಟೀಚರೇ, ಆ ಹೊಸ ಹುಡುಗಿ ನನ್ನ ಮುಂದೆ ಒಂದು ಮಾತೂ ಆಡುವುದಿಲ್ಲ!'

ಅವಳು ಯಾರೊಂದಿಗೂ ಮಾತಾಡುವುದಿಲ್ಲವಲ್ಲ ಎಂದೆ. ಅವನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರಾಕ್ಷಸನ ಎದುರು ಮನುಷ್ಯರ ನಾಲಗೆ ಏಳದಿರುವುದು ಸಹಜವೆಂದೂ, ಈ ಶಾಲೆಯಲ್ಲಿ ರೀತಿ ರಿವಾಜು ತಿಳಿದವಳು ಅವಳೊಬ್ಬಳೇ ಎಂದೂ ತೀರ್ಪು ಕೊಟ್ಟ. ನಮಗೆಲ್ಲ ಅವಳ ಮೌನ ಒಂದು ಕೊರತೆಯಾಗಿ ಕಂಡಿತ್ತು. ಅವನಿಗೆ ಅದು ಮರ್ಯಾದೆಯಾಗಿ ಕಂಡಿತು. ಹೀಗೆ ಶಾಲೆಯಲ್ಲಿ ಮೊದಲ ಬಾರಿಗೆ ಅವಳು ಏನೂ ಮಾಡದೆಯೇ ಒಬ್ಬರ ದೃಷ್ಟಿಯಲ್ಲಿ ಸರಿಯಾದದ್ದನ್ನು ಮಾಡಿದವಳಾದಳು.

ಪ್ರತಿದಿನ ಅವನು ಎದುರು ಕುಳಿತ, ಅವಳು ಅನ್ನವನ್ನು ಅವನ ತಟ್ಟೆಗೆ ತಳ್ಳಿದಳು. ಮಾತಿಲ್ಲ. ಅವನು ಮಾತ್ರ ಒಂದೇ ಸಮನೆ ಮಾತಾಡುತ್ತಿದ್ದ, ಮಾವನ ಚುಟ್ಟಿ, ಮೇಳದ ಆಟ, ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ. ಅವಳಿಂದ ಉತ್ತರದ ನಿರೀಕ್ಷೆಯೇ ಅವನಿಗಿರಲಿಲ್ಲ. ಪ್ರಶ್ನೆ ಕೇಳದವನ ಎದುರು ಕುಳಿತಿರುವುದು ಅವಳಿಗೆ ಎಷ್ಟು ಹಗುರವೆನಿಸಿರಬೇಕು ಎಂದು ಅವಳ ಭುಜಗಳನ್ನು ನೋಡಿಯೇ ತಿಳಿಯುತ್ತಿತ್ತು.

ತೆರೆ

ಅಕ್ಟೋಬರ್‌ನ ಬಾಲಸಭೆಗೆ ಮರಿಬಕ ಒಂದು ಪ್ರಸಂಗ, ಅಂದರೆ ಯಕ್ಷಗಾನದ ಆಟದ ಕಥೆ, ಯೋಜಿಸಿದ. ವಸ್ತು: ಮರಿಬಕ ಶಾಲೆಗೆ ಸೇರಿದ್ದು. ಕಥೆ ಅವನದೇ, ನಾಯಕನೂ ಅವನೇ. ಮಾವ ಮಾಡುವಂತೆ ತೆರೆಯ ಹಿಂದಿನಿಂದ ಪ್ರವೇಶವಾಗಬೇಕು ಎಂಬುದು ಷರತ್ತು.

ಬಣ್ಣದ ವೇಷದ ಪ್ರವೇಶ ನೋಡದವರಿಗೆ ಒಂದು ಮಾತು. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದೆ ರಾಕ್ಷಸ ಇದ್ದಾನೆ, ಆದರೆ ಕಾಣುವುದಿಲ್ಲ. ಚೆಂಡೆಯ ಬಡಿತ ಏರುತ್ತದೆ, ಆರ್ಭಟ ಕೇಳುತ್ತದೆ, ತೆರೆಯ ಮೇಲೆ ಕಿರೀಟದ ತುದಿ ಕಂಡು ಮರೆಯಾಗುತ್ತದೆ, ಬೆರಳುಗಳು ಕಾಣುತ್ತವೆ, ಒಂದು ಕಣ್ಣು. ಪೂರ್ತಿ ಮುಖ ತೋರಿಸುವ ಮೊದಲು ಸಭೆಯನ್ನು ಸಾಕಷ್ಟು ಸತಾಯಿಸುತ್ತಾರೆ. ರಂಗಸ್ಥಳದಲ್ಲಿ ಇದಕ್ಕಿಂತ ರೋಮಾಂಚಕ ಕ್ಷಣ ನನಗೆ ಗೊತ್ತಿಲ್ಲ, ವಾದ ಮಾಡುವವರು ಬರಲಿ.

ತೆರೆ ಹಿಡಿಯಲು ಯಾರೂ ಸಿಗಲಿಲ್ಲ. ಮಾತಿಲ್ಲದ, ವೇಷವಿಲ್ಲದ ಕೆಲಸ ಯಾರಿಗೆ ಬೇಕು? ಭೀಮನಾಗಲು ಮಾತ್ರ ಇಡೀ ತರಗತಿ ಸಿದ್ಧ. ಮರಿಬಕ ಹುಡುಗಿಯ ಮುಂದೆ ಹೋಗಿ, ಅಡುಗೆಯ ಅಕ್ಕ ಕೊಟ್ಟಿದ್ದ ಹಳೆಯ ಸೀರೆಯ ಒಂದು ತುದಿಯನ್ನು ಅವಳ ಕೈಗಿಟ್ಟ. ಬಾ ಎಂದು ಬೇಡಲಿಲ್ಲ, ನಿನಗೆ ಒಳ್ಳೆಯದಾಗುತ್ತದೆ ಎಂದು ಹೇಳಲಿಲ್ಲ. ಎತ್ತರಕ್ಕೆ ಹಿಡಿಯಬೇಕು, ನನ್ನ ಕಾಲು ಕಾಣಬಾರದು ಎಂದು ಆಜ್ಞೆ ಮಾಡಿದ. ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆವು.

ಎಲ್ಲರೆದುರು ನಿಂತೂ ಯಾರಿಗೂ ಕಾಣದಿರುವ ಜಾಗ ಅದು. ಅವಳು ಸೀರೆಯನ್ನು ತನ್ನ ಮೂಗಿನವರೆಗೆ ಎತ್ತಿ ಹಿಡಿದಳು. ಮರಿಬಕ ಹಿಂದಿನಿಂದ ಆರ್ಭಟಿಸಿದ, ತಲೆ ಎತ್ತಿದ. ತೆರೆಯೂ ಮೇಲೇರಿತು. ಅವನು ಕುಪ್ಪಳಿಸಿದ. ತೆರೆ ಇನ್ನಷ್ಟು ಮೇಲೇರಿತು. ಪಕ್ಕದಿಂದ ಇಣುಕಿದರೆ ತೆರೆ ಪಕ್ಕಕ್ಕೆ ಸರಿಯಿತು. 'ಇಳಿಸು!' ಎಂದು ರಾಕ್ಷಸ ಒಳಗಿನಿಂದ ಗೋಗರೆಯುವುದು ಕೇಳಿ ತರಗತಿ ಬಿದ್ದು ಬಿದ್ದು ನಕ್ಕಿತು. ಹುಡುಗಿಯ ಮುಖದಲ್ಲಿ ಏನೂ ಕಾಣಲಿಲ್ಲ, ಕಣ್ಣುಗಳಲ್ಲಿ ಬಿಟ್ಟು. ನಗು ನಿಲ್ಲುವ ಹೊತ್ತಿಗೆ ಸರಿಯಾಗಿ, ಅವನು ಎದುರು ನೋಡದ ಗಳಿಗೆಯಲ್ಲಿ ಸೀರೆಯನ್ನು ಒಮ್ಮೆಲೇ ಕೆಳಗೆ ಬಿಟ್ಟಳು. ರಾಕ್ಷಸ ಮೂಗು ಒರೆಸಿಕೊಳ್ಳುತ್ತಾ ನಿಂತಿದ್ದ.

ಮಾತಿನ ಚಾತುರ್ಯವಿರುವ ಮಕ್ಕಳಿಗೂ ಇಷ್ಟು ಕರಾರುವಾಕ್ಕಾದ ತಮಾಷೆ ಸಾಧ್ಯವಾಗುವುದು ಅಪರೂಪ. ಬಂದ ದಿನ ತನ್ನನ್ನು ನೋಡಿ ನಕ್ಕವರನ್ನೇ ಅವಳು ಈಗ ತನಗೆ ಬೇಕಾದಾಗ, ಬೇಕಾದವನ ಮೇಲೆ ನಗಿಸಿದ್ದಳು.

ಮರಿಬಕ ಕೆಂಡವಾಗುತ್ತಾನೆಂದು ನಾನು ಕಾದೆ. ಅವನು ಸ್ವಲ್ಪ ಯೋಚಿಸಿ, ಇದನ್ನು ಪ್ರತಿಸಲವೂ ಮಾಡಬೇಕು ಎಂದ.

ಮೂಳೆ ಮುರಿಯುವ ಸದ್ದು

ಮುಂದಿನ ಹಂತಕ್ಕೆ ರೊಟ್ಟಿ ಕಾರಣ. ಅನ್ನ ಹಿಡಿಸುವುದಿಲ್ಲವೆಂದು ತಿಳಿದ ತಾಯಿ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಳುಹಿಸತೊಡಗಿದರು. ಒಣಗಿಸಿದ ಆ ಜೋಳದ ರೊಟ್ಟಿಯನ್ನು ಕರಾವಳಿಯ ಮಕ್ಕಳು ಕಂಡಿರಲಿಲ್ಲ. ಅವಳು ಕಚ್ಚಿದಾಗ ಬಂದ ಸದ್ದಿಗೆ ಮರಿಬಕ ತುತ್ತು ಮರೆತು ತಲೆಯೆತ್ತಿದ. ಅವನಿಗೆ ಬಹುದಿನಗಳಿಂದ ಬೇಕಾಗಿದ್ದದ್ದು ಅದೇ: ರಾಕ್ಷಸ ಮೂಳೆ ಕಡಿಯುವ ಸದ್ದು.

ಆ ಮೇಲೆ ಪ್ರಸಂಗದಲ್ಲಿ ಮರಿಬಕ ತೆರೆಯ ಹಿಂದೆ ನಿಂತು ಕೋಣದ ಕಾಲು ತಿನ್ನುವ ಅಭಿನಯ ಮಾಡುವಾಗ, ಪಕ್ಕದಲ್ಲಿ ತೆರೆ ಹಿಡಿದವಳು ರೊಟ್ಟಿ ಕಚ್ಚುತ್ತಿದ್ದಳು. ಕರಂ ಕುರುಂ. ಒಂದನೆಯ ತರಗತಿಯವರು ಮತ್ತೆ ಹೆದರಿದರು. ಮರಿಬಕನ ಗೌರವ ಮರಳಿ ಬಂತು. ಅವಳ ಬಾಯಿಂದ ಶಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಒಂದು ಸದ್ದು ಹೊರಟಿತ್ತು, ಅದು ಮಾತಾಗಿರಲಿಲ್ಲ ಅಷ್ಟೇ.

ಸದ್ದಿನ ಹಿಂದೆಯೇ ಪಿಸುಮಾತು ಬಂತು. ಯಾವಾಗ ಎಂದು ನನಗೆ ತಿಳಿಯಲಿಲ್ಲ, ಅವರಿಬ್ಬರ ನಡುವಿನ ವ್ಯವಹಾರ ಅದು. ನಾನು ಕೇಳಿದ ಮೊದಲ ಮಾತು ಮಾತ್ರ ನೆನಪಿದೆ. ಅಭ್ಯಾಸದಲ್ಲಿ ಮರಿಬಕ ತನ್ನ ಅಜ್ಜನ ವೈಭವ ವರ್ಣಿಸುತ್ತಾ, ಏಕಚಕ್ರದವರು ದಿನಕ್ಕೆ ಹತ್ತು ಕೋಣ ಕಳುಹಿಸುತ್ತಿದ್ದರು ಎಂದು ಗರ್ಜಿಸಿದ. ತೆರೆಯ ಹಿಂದಿನಿಂದ ಸ್ಪಷ್ಟವಾಗಿ, ಬೇಸರದ ಧ್ವನಿಯಲ್ಲಿ ಒಂದು ಶಬ್ದ ಬಂತು:

'ಎರಡು.'

ತರಗತಿ ಸ್ತಬ್ಧವಾಯಿತು. ನಾನು ಹಲಗೆಯ ಕಡೆಗೆ ತಿರುಗಿ ಅಗತ್ಯವಿಲ್ಲದ ಏನನ್ನೋ ಬರೆಯತೊಡಗಿದೆ. 'ಟೀಚರೇ, ಅವಳು...' ಎಂದು ಒಬ್ಬ ಎದ್ದ. ಮರಿಬಕ ತೆರೆಯ ಮೇಲಿನಿಂದ ತಲೆ ಹಾಕಿ ಅವನನ್ನು ಗದರಿದ: 'ತೆರೆಯ ಹಿಂದಿನ ಸುದ್ದಿ ಸಭೆಗೆ ಬೇಡ!' ಮೇಳದ ಶಿಸ್ತು ಅದು. ವಿಶೇಷ ಶಿಕ್ಷಕಿ ಚಪ್ಪಾಳೆ ಬೇಡ ಎಂದು ವಿವರಿಸಿ ಹೇಳಿದ್ದನ್ನು ಅವನು ಚೌಕಿಯ ನಿಯಮದಲ್ಲಿ ಮುಗಿಸಿದ. ಆಮೇಲೆ ಹತ್ತನ್ನು ಎರಡಕ್ಕೆ ಇಳಿಸಿ, ಆದರೆ ದೊಡ್ಡ ಕೋಣ ಎಂದು ಸೇರಿಸಿದ.

ಆತಂಕದಿಂದ ಮಾತು ನಿಂತ ಮಕ್ಕಳ ವಿಷಯದಲ್ಲಿ ತಜ್ಞರು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಕ್ರಮ ಹೇಳುತ್ತಾರೆ. ಹೆದರಿಕೆ ಕಡಿಮೆ ಇರುವ ಒಬ್ಬರ ಜೊತೆ ಮೊದಲು ಸದ್ದು, ಆಮೇಲೆ ಪಿಸುಮಾತು, ಆಮೇಲೆ ಧ್ವನಿ. ಅದು ಗಟ್ಟಿಯಾದ ಮೇಲೆ ಕೇಳುವವರನ್ನು ಒಬ್ಬೊಬ್ಬರಾಗಿ ಹತ್ತಿರ ತರುವುದು. ಮುಂದಿನ ಭೇಟಿಯಲ್ಲಿ ವಿಶೇಷ ಶಿಕ್ಷಕಿ ತೆರೆಯ ಆಟ ನೋಡಿ, ಇದೇ ಕ್ರಮ ಇಲ್ಲಿ ತಾನಾಗಿ ನಡೆಯುತ್ತಿದೆ, ನೀವು ಸೀರೆಯ ಎತ್ತರವೊಂದನ್ನು ನೋಡಿಕೊಳ್ಳಿ ಎಂದರು. ಕಿಟಕಿಯ ಸರಳಿಗೆ ಕಟ್ಟಿದ ಗಂಟನ್ನು ಆಗಾಗ ಸ್ವಲ್ಪ ಕೆಳಗೆ ಕಟ್ಟುವುದಷ್ಟೇ ನನ್ನ ಪಾಲಿನ ಕೆಲಸವಾಯಿತು.

ಗದಗಿನ ಪ್ರಶ್ನೆ

ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಪ್ರಸಂಗ ಬೆಳೆಯಿತು. ಮರಿಬಕನಿಗೆ ಬುತ್ತಿ ಕಟ್ಟಿಕೊಡುವ ರಾಕ್ಷಸಿ ತಾಯಿಯ ಪಾತ್ರ ಹುಟ್ಟಿತು, ತೆರೆಯ ಹಿಂದಿನ ಧ್ವನಿಯಾಗಿ ಮಾತ್ರ. ಹುಡುಗಿ ಅದನ್ನು ತನ್ನ ಮನೆಯ ಕನ್ನಡದಲ್ಲಿ, ಬಹುಶಃ ತನ್ನ ತಾಯಿಯ ಬೈಗುಳಗಳನ್ನೇ ತೆಗೆದುಕೊಂಡು ಹೇಳಿದಳು. ಮಕ್ಕಳಿಗೆ ಅದು ಬಹಳ ಹಿಡಿಸಿತು. ಎರಡು ದಿನಗಳಲ್ಲಿ ಇಡೀ ತರಗತಿ ರಾಕ್ಷಸರ ಭಾಷೆ ಎಂದು ಅದನ್ನು ಅನುಕರಿಸತೊಡಗಿತು.

ನನಗೆ ಇರುಸುಮುರುಸಾಯಿತು. ಮೆಚ್ಚುಗೆಯಿಂದಲೇ ಆದರೂ ಒಂದು ಸೀಮೆಯ ಜನರ ಮಾತನ್ನು ರಾಕ್ಷಸರ ಬಾಯಿಗೆ ಹಾಕಿ ಬಿಡುವುದು ಸರಿಯಲ್ಲ. ನಾಳೆ ಅದೇ ಬಾಣವಾಗುತ್ತದೆ. ತರಗತಿಯಲ್ಲಿ ಭೂಪಟ ತೂಗುಹಾಕಿ ಗದಗವನ್ನು ತೋರಿಸಿ, ಮಹಾಭಾರತದ ಕಥೆಯನ್ನು ಕನ್ನಡದಲ್ಲಿ ಹಾಡಿದ ಕುಮಾರವ್ಯಾಸ ಅಲ್ಲಿಯವನು, ಅಲ್ಲಿನ ವೀರನಾರಾಯಣ ದೇವರ ಭಕ್ತ ಎಂದು ಹೇಳಿದೆ. ನಿಮ್ಮ ಭೀಮ, ಬಕ ಇಬ್ಬರೂ ಕನ್ನಡ ಕಲಿತದ್ದು ಇವಳ ಊರಿನಲ್ಲಿ ಎಂದೆ. ಹುಡುಗಿ ಭೂಪಟದ ಆ ಚುಕ್ಕೆಯನ್ನೇ ನೋಡುತ್ತಿದ್ದಳು. ಮರಿಬಕನ ತರ್ಕ ಮಾತ್ರ ಬೇರೆ ದಾರಿ ಹಿಡಿಯಿತು. ಕಥೆ ಹಾಡಿದವರ ಊರಿನವಳು ಎಂದಾದರೆ ಅವಳು ಪದ ಹಾಡಿ ಆಟ ನಡೆಸುವ ಭಾಗವತಳಾಗಬೇಕು, ತೆರೆ ಹಿಡಿಯಲು ಬೇರೆಯವರನ್ನು ನೋಡಬೇಕು.

ಅವಳು ಭಾಗವತಿಕೆಯನ್ನು ಕೂಡಲೇ ಒಪ್ಪಲಿಲ್ಲ. ತೆರೆಯನ್ನು ಬಿಟ್ಟುಕೊಡಲೂ ಒಪ್ಪಲಿಲ್ಲ. ಇಬ್ಬರಿಗೂ ಆ ಬಗ್ಗೆ ಜಗಳವಾಯಿತು, ಬಾವಿಕಟ್ಟೆಯ ಬಳಿ, ಪಿಸುಮಾತಿನಲ್ಲಿ ಶುರುವಾಗಿ ಅರ್ಧದಲ್ಲಿ ಗಟ್ಟಿಯಾಗಿ. ನೇಮಕಗೊಂಡ ಗೆಳತಿ ಓಡಿಬಂದು ಬಿಡಿಸಲು ಹೇಳಿದಳು. ನಾನು ಹೋಗಲಿಲ್ಲ. ಕನಿಕರದ ಸ್ನೇಹದಲ್ಲಿ ಜಗಳಕ್ಕೆ ಜಾಗವಿರುವುದಿಲ್ಲ, ಜಗಳವಿಲ್ಲದಲ್ಲಿ ಮಾತಿಗೂ ಅಷ್ಟು ತುರ್ತು ಇರುವುದಿಲ್ಲ. ಕೊನೆಗೆ ಆದ ರಾಜಿ: ಭೀಮನ ಮಾತುಗಳೂ ಗದಗಿನ ಕನ್ನಡದಲ್ಲೇ ಆಗಬೇಕು, ಅವನ್ನು ಅವಳೇ ಕಲಿಸಬೇಕು. ಮರಿಬಕ ಇದಕ್ಕೆ ಒಪ್ಪಿದ್ದು ಭೀಮನೂ ಮೂಲದಲ್ಲಿ ಅರ್ಧ ರಾಕ್ಷಸರ ಅಳಿಯನೇ ಎಂಬ ಕಾರಣದಿಂದ. ಹಿಡಿಂಬೆಯ ಗಂಡ, ಘಟೋತ್ಕಚನ ಅಪ್ಪ, ವಾದ ತೆಗೆದುಹಾಕುವಂಥದ್ದಲ್ಲ.

ಫಲಿತಾಂಶ

ಮಾರ್ಚ್ ಹೊತ್ತಿಗೆ ಇದ್ದ ಸ್ಥಿತಿ ಹೀಗೆ. ಹುಡುಗಿ ತರಗತಿಯ ಹಲವು ಮಕ್ಕಳೊಂದಿಗೆ ಮಾತಾಡುತ್ತಾಳೆ, ನನ್ನೊಂದಿಗೆ ಚಿಕ್ಕ ವಾಕ್ಯಗಳಲ್ಲಿ. ಶೌಚಾಲಯಕ್ಕೆ ಹೋಗಲು ಕೇಳುತ್ತಾಳೆ, ನನ್ನ ಮಟ್ಟಿಗೆ ಇದು ಪ್ರಸಂಗಕ್ಕಿಂತ ದೊಡ್ಡ ಸಾಧನೆ. ಹಾಜರಿಗೆ ಈಗಲೂ ಕೈ ಎತ್ತುತ್ತಾಳೆ. ಉಪಜಿಲ್ಲಾ ಶಿಕ್ಷಣಾಧಿಕಾರಿಗಳು ಬಂದ ದಿನ ಮತ್ತೆ ಕಲ್ಲಾದಳು. ಮಲಯಾಳ ಪಾಠದ ತರಗತಿಯಲ್ಲಿ ಮೌನವೇ; ಅಲ್ಲಿ ಭಾಷೆಯೇ ಹೊಸದು, ಅದನ್ನು ಇದರೊಂದಿಗೆ ಬೆರೆಸಬಾರದು. ಸಮಯ ಕೊಟ್ಟಿದ್ದರೆ ಯಾವ ರಾಕ್ಷಸನೂ ಇಲ್ಲದೆ ಅವಳು ಮಾತಾಡುತ್ತಿದ್ದಳೇನೋ. ಹೊಸ ಜಾಗಕ್ಕೆ ಬಂದ ಅನೇಕ ಮಕ್ಕಳು ಕೆಲಕಾಲ ಸುಮ್ಮನಿದ್ದು ಆಮೇಲೆ ತಾವಾಗಿ ಬಾಯಿ ತೆರೆಯುತ್ತಾರೆ. ಒಂದು ಪ್ರಕರಣದಿಂದ ಇದಕ್ಕಿಂತ ಹೆಚ್ಚು ಹೇಳಿಕೊಳ್ಳುವುದು ಬೇಡ.

ಹುಡುಗ ಬದಲಾಗಿಲ್ಲ. ಸಭೆಯ ಪುಸ್ತಕದಲ್ಲಿ 'ಸುಧಾರಣೆ ಕಂಡಿದೆ' ಎಂದು ಬರೆಯಲು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಆರ್ಭಟ ಅಷ್ಟೇ ಇದೆ, ಅದಕ್ಕೆ ಹೊತ್ತು ಗೊತ್ತು ಬಂದಿದೆ ಎಂದು ನಾನು ಬರೆಸಿದೆ. ನಾಲ್ಕನೆಯ ತರಗತಿಯ ಶಿಕ್ಷಕರಿಗೆ ಕೊಡುವ ಟಿಪ್ಪಣಿಯಲ್ಲಿ, ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಬೇಕಿಲ್ಲ, ಆದರೆ ಊಟಕ್ಕೆ ಎದುರೆದುರು ಕುಳಿತರೆ ಎಬ್ಬಿಸಬೇಡಿ ಎಂದಿದ್ದೇನೆ.

ಪ್ರಕರಣ ಮುಗಿಸುವ ಮೊದಲು ದಾಖಲಿಸಬೇಕಾದ ಇನ್ನೊಂದು ಘಟನೆ ಮೊಟ್ಟೆಯದು. ವಾರದ ಮೊಟ್ಟೆ ಬಡಿಸಿದ ದಿನ ಮರಿಬಕ ಹಳೆಯ ಅನ್ನದ ಒಪ್ಪಂದ ಮೊಟ್ಟೆಗೂ ಅನ್ವಯಿಸುತ್ತದೆಂದು ತಿಳಿದು ಅವಳ ಪಾಲಿನದನ್ನೂ ಬಾಯಿಗೆ ಹಾಕಿಕೊಂಡ. ಹುಡುಗಿ ಎದ್ದಳು. ನನ್ನನ್ನು ದಾಟಿ, ನೇಮಕಗೊಂಡ ಗೆಳತಿಯನ್ನು ದಾಟಿ, ನೇರವಾಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ, ಅವರು ಫೋನಿನಲ್ಲಿ ಮಾತಾಡುತ್ತಿದ್ದರೂ ಕಾಯದೆ, ಗದಗಿನ ಕನ್ನಡದಲ್ಲಿ ಆದಿಯಿಂದ ಅಂತ್ಯದವರೆಗೆ ದೂರು ಹೇಳಿದಳು. ಅವಳ ಧ್ವನಿಯನ್ನು ಮೊದಲ ಬಾರಿಗೆ ಕೇಳಿದ ಅವರು ಫೋನು ಕೆಳಗಿಟ್ಟು ವಿಚಾರಣೆ ನಡೆಸಿದರು. ಭೀಮನಿಗೆ ಕೊಟ್ಟ ಮಾತಿನಲ್ಲಿ ಮನುಷ್ಯರ ವಿಷಯ ಮಾತ್ರ ಇದೆ, ಮೊಟ್ಟೆಯ ಪ್ರಸ್ತಾಪವೇ ಇಲ್ಲ ಎಂದು ಆರೋಪಿ ವಾದಿಸಿದ. ವಾದ ಬಿದ್ದುಹೋಯಿತು. ಮುಂದಿನ ವಾರ ಅವನ ಮೊಟ್ಟೆ ಅವಳಿಗೆ ಎಂದು ತೀರ್ಪಾಯಿತು. ಹುಡುಗಿ ಅಲ್ಲಿಂದ ಕದಲಲಿಲ್ಲ. ಬರೆದುಕೊಡಿ ಎಂದಳು. ಮುಖ್ಯೋಪಾಧ್ಯಾಯರು ಬರೆದು, ಶಾಲೆಯ ಮೊಹರು ಒತ್ತಿ ಕೊಟ್ಟರು.